ಅನ್ವರ್ಥವೋ ಅಂಕಿತವೋ: ‘ಕಾರ್ಪೊಡಾಕಸ್ ಎರಿಥ್ರಿನಸ್’ ಎಂಬ ಪಕ್ಷಿನಾಮದ ವಿಚಾರ

ಕನ್ನಡ ವ್ಯಾಕರಣವು ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಬಹುಕಾಲದ ಬಳಕೆಯಿಂದ ನೆಲೆಗೊಂಡುದು ರೂಢನಾಮ. ಗುರುತಿಗಾಗಿ ಇಟ್ಟುದು ಅಂಕಿತನಾಮ. ಗುಣವನ್ನೋ ಕ್ರಿಯೆಯನ್ನೋ ಅನುಸರಿಸಿ ಬಂದುದು ಅನ್ವರ್ಥನಾಮ. ಪ್ರಾಣಿಗಳಿಗೂ ಸಸ್ಯಗಳಿಗೂ ವಿಜ್ಞಾನಿಗಳು ಕೊಟ್ಟಿರುವ ಲ್ಯಾಟಿನ್ ಹೆಸರುಗಳು ಈ ಮೂರರಲ್ಲಿ ಯಾವ ಬಗೆಗೆ ಸೇರತಕ್ಕವು? ಅವುಗಳ ಧಾತುಗಳನ್ನು ಬಿಡಿಸಿ ನೋಡಿದವರಿಗೆ ಅವು ಅನ್ವರ್ಥಗಳೆಂದೇ ತೋರುವುದು ಸಹಜ. ಈ ತೋರಿಕೆಯನ್ನು ನಂಬಿಯೇ ಲ್ಯಾಟಿನ್ ಹೆಸರಿನ ಅರ್ಥವನ್ನು ಕನ್ನಡಕ್ಕೆ ಇಳಿಸಿ ಪಾರಿಭಾಷಿಕ ಪದಗಳನ್ನು ಕಟ್ಟುವ ಪದ್ಧತಿಯೂ ನಡೆದುಬಂದಿದೆ. ಈ ಪದ್ಧತಿಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಒಂದೇ ಒಂದು ಹೆಸರನ್ನು ಕೈಗೆತ್ತಿಕೊಂಡು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಸುತ್ತಣ ನಾಡು ಕಾಫಿ ತೋಟಗಳ ನಾಡು. ಮಳೆಗಾಲವು ಹಿಂದೆ ಸರಿದು ಕಾಫಿಯ ಹಣ್ಣು ಕೆಂಪೇರುವ ದಿನಗಳಲ್ಲಿ ಈ ಬೆಟ್ಟದ ಸೀಮೆಗೆ ಉತ್ತರದಿಂದ ಅನೇಕ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಅವುಗಳಲ್ಲಿ ಒಂದು ಗುಬ್ಬಿಯಷ್ಟು ಗಾತ್ರದ, ದಪ್ಪ ಕೊಕ್ಕಿನ, ಬೀಜವನ್ನೂ ಮೊಗ್ಗನ್ನೂ ಸಣ್ಣ ಹಣ್ಣನ್ನೂ ತಿಂದು ಬಾಳುವ ಹಕ್ಕಿ. ಇಂಗ್ಲಿಷಿನಲ್ಲಿ ಇದನ್ನು ‘ರೋಸ್‌ಫಿಂಚ್’ ಎನ್ನುವರು. ಪೂರ್ವ ಯೂರೋಪಿನಿಂದ ಸೈಬೀರಿಯದವರೆಗೂ, ದಕ್ಷಿಣಕ್ಕೆ ಹಿಮಾಲಯದಲ್ಲಿಯೂ ಗೂಡು ಕಟ್ಟುವ ಈ ಹಕ್ಕಿ ಚಳಿಗಾಲವನ್ನು ಭಾರತದಲ್ಲಿಯೂ ಅದರ ಪೂರ್ವದ ದೇಶಗಳಲ್ಲಿಯೂ ಕಳೆದು ವಸಂತದಲ್ಲಿ ಹಿಂದಿರುಗುತ್ತದೆ. ಇದರ ವೈಜ್ಞಾನಿಕ ನಾಮಧೇಯವು ‘ಕಾರ್ಪೊಡಾಕಸ್ ಎರಿಥ್ರಿನಸ್’. ಮೊದಲನೆಯ ಪದವು ಕುಲವನ್ನೂ ಎರಡನೆಯದು ಜಾತಿಯನ್ನೂ ಸೂಚಿಸುತ್ತದೆ. ಪದಶಃ ಅರ್ಥ ಮಾಡಿದರೆ ‘ಹಣ್ಣು ಕಚ್ಚುವ ಕೆಂಪಿನದು’ ಎಂದಾಗುವುದು. ಎರಡು ಪದಗಳೂ ಒಬ್ಬನೇ ಒಂದೇ ಕಾಲದಲ್ಲಿ ಕೂಡಿಸಿ ಇಟ್ಟವೆಂಬ ಭಾವನೆಗೆ ಇದು ಎಡೆಗೊಡುತ್ತದೆ. ವಸ್ತುಸ್ಥಿತಿಯು ಬೇರೆ.

ಎರಡು ಪದಗಳಲ್ಲಿ ಹಳೆಯದು ‘ಎರಿಥ್ರಿನಸ್’. ಇದನ್ನು ಕೊಟ್ಟವನು ಪೀಟರ್ ಸೈಮನ್ ಪಲ್ಲಾಸ್ (1741–1811). ಬರ್ಲಿನ್ ನಗರದಲ್ಲಿ ಹುಟ್ಟಿದ ಈತನನ್ನು ರಷ್ಯದ ರಾಣಿ ಎರಡನೆಯ ಕ್ಯಾಥರೀನಳು 1767ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಪರಿಷತ್ತಿಗೆ ಕರೆಯಿಸಿಕೊಂಡಳು. 1768ರಿಂದ 1774ರವರೆಗೆ ಆತನು ವೋಲ್ಗಾ ನದಿಯ ಪ್ರಾಂತ, ಉರಲ್ ಪರ್ವತ, ಸೈಬೀರಿಯಗಳಲ್ಲಿ ಸಂಚರಿಸಿ ಅಲ್ಲಿಯ ಪ್ರಾಣಿ, ಸಸ್ಯ, ಖನಿಜ, ಜನಜೀವನಗಳನ್ನು ಕುರಿತು ಅಪಾರ ಸಾಮಗ್ರಿಯನ್ನು ಸಂಗ್ರಹಿಸಿದನು. ವೋಲ್ಗಾ ಮತ್ತು ಸಮಾರಾ ನದಿಗಳ ದಡದಲ್ಲಿ ದೊರೆತ ಒಂದು ಕೆಂಪು ಹಕ್ಕಿಯನ್ನು ಆತನು 1770ರಲ್ಲಿ ಪರಿಷತ್ತಿನ ನಡವಳಿಯ ಹದಿನಾಲ್ಕನೆಯ ಸಂಪುಟದಲ್ಲಿ ‘ಲಾಕ್ಸಿಯ ಎರಿಥ್ರಿನ’ ಎಂಬ ಹೆಸರಿನಿಂದ ವರ್ಣಿಸಿದನು. ‘ಲಾಕ್ಸಿಯ’ ಎಂಬುದು ಅದಕ್ಕೆ ಹನ್ನೆರಡು ವರ್ಷ ಹಿಂದೆ, 1758ರಲ್ಲಿ, ಸ್ವೀಡನ್ನಿನ ಲಿನೇಯಸನು ಬಳಸಿದ ಕುಲನಾಮ. ‘ಓರೆ’ ಎಂಬರ್ಥದ ಗ್ರೀಕ್ ‘ಲೊಕ್ಸೊಸ್’ ಶಬ್ದದಿಂದ ಬಂದ ಇದು ಕೊಕ್ಕಿನ ತುದಿಗಳು ಒಂದನ್ನೊಂದು ಹಾಯುವ ಹಕ್ಕಿಗೆ ಮಾತ್ರ ಒಪ್ಪತಕ್ಕುದು. ಆದರೆ ಆ ಕಾಲದಲ್ಲಿ ದಪ್ಪ ಕೊಕ್ಕಿನ ಹಕ್ಕಿಗಳನ್ನೆಲ್ಲ ಅದರಲ್ಲಿಯೇ ಸೇರಿಸುತ್ತಿದ್ದರು. ಹೀಗೆ ನಮ್ಮ ಹಕ್ಕಿಗೆ ದೊರೆತ ಮೊದಲ ಕುಲನಾಮವೇ ಅದರ ಕೊಕ್ಕಿಗೆ ಒಪ್ಪದ ಹೆಸರಾಗಿದ್ದಿತು.

‘ಎರಿಥ್ರಿನ’ ಶಬ್ದದ ಮೂಲ ಗ್ರೀಕಿನ ‘ಎರುಥ್ರೊಸ್’, ಅರ್ಥ, ಕೆಂಪು. ಸಂಸ್ಕೃತದ ‘ರುಧಿರ’ ಶಬ್ದವು ಇದರ ಸೋದರ. ಗ್ರೀಕಿನಲ್ಲಿ ಥಕಾರವಿರುವೆಡೆ ಸಂಸ್ಕೃತದಲ್ಲಿ ಧಕಾರವಿರುವುದು ನಿಯತವಾದ ವ್ಯತ್ಯಾಸ. ಗ್ರೀಕ್ ‘ಥೂಮೊಸ್’, ಸಂಸ್ಕೃತ ‘ಧೂಮ’ ಎಂಬ ಜೋಡಿಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ‘ರುಧಿರ’ಕ್ಕೆ ಮೂಲದಲ್ಲಿ ಕೆಂಪು ಎಂಬ ಅರ್ಥವೇ, ನೆತ್ತರು ಎಂಬುದು ಅನಂತರ ಬಂದುದು. ‘ರಂಜ್’ ಧಾತುವಿನಿಂದ ಹುಟ್ಟಿ ‘ಬಣ್ಣವೇರಿದುದು’ ಎಂಬರ್ಥ ಕೊಡುತ್ತಿದ್ದ ‘ರಕ್ತ’ ಶಬ್ದವೂ ಇದೇ ದಾರಿಯಲ್ಲಿ ಸಾಗಿತು. ವರ್ಣವಾಚಕವು ಕಾಲಕ್ರಮದಲ್ಲಿ ವಸ್ತುವಾಚಕವಾಗುವುದು ಭಾಷೆಗಳಿಗೆ ಸಾಮಾನ್ಯವಾದ ಗುಣ.

ಗ್ರೀಕಿನಲ್ಲಿಯೂ ಈ ಧಾತುವಿನ ಗತಿ ಅದೇ. ‘ಎರುಥ್ರಿನೊಸ್’ ಎಂಬುದು ಅಲ್ಲಿ ಒಂದು ಕೆಂಪು ಮೀನಿನ ಹೆಸರು. ಅರಿಸ್ಟಾಟಲನು ತನ್ನ ಪ್ರಾಣಿವಿಚಾರದ ಗ್ರಂಥದಲ್ಲಿ ಈ ಮೀನನ್ನು ಕುರಿತು, ಹಿಡಿದವುಗಳಲ್ಲೆಲ್ಲ ಮೊಟ್ಟೆಯೇ ಕಾಣುತ್ತದೆ, ಗಂಡು ದೊರೆಯುವುದಿಲ್ಲ ಎಂಬ ಆಶಯದ ಮಾತನ್ನು ಬರೆದಿದ್ದಾನೆ. ಲಿನೇಯಸನು 1758ರಲ್ಲಿ ಒಂದು ಮೆಡಿಟರೇನಿಯನ್ ಮೀನಿಗೆ ‘ಎರಿಥ್ರಿನಸ್’ ಎಂಬ ಜಾತಿನಾಮವನ್ನೇ ಇಟ್ಟನು. ಆ ಜಾತಿಯ ಮೀನುಗಳು ಮೊದಲು ಹೆಣ್ಣಾಗಿದ್ದು ಬೆಳೆದ ಮೇಲೆ ಗಂಡಾಗತಕ್ಕವೆಂದು ಈಚಿನ ಸಂಶೋಧನೆಯಿಂದ ತಿಳಿದುಬಂದಿದೆ. ಗಂಡೇ ಇಲ್ಲವೆಂದು ಪ್ರಾಚೀನರು ಎಣಿಸಿದ ಮೀನಿನ ಹೆಸರೇ, ಗಂಡಿಗೆ ಮಾತ್ರ ಕೆಂಪು ಇರುವ ಹಕ್ಕಿಗೂ ಸಂದುದು ವಿನೋದಕರವಾಗಿದೆ. ಭಾರತದಲ್ಲಿಯೂ ಇದಕ್ಕೆ ಸಾಟಿಯುಂಟು. ‘ರುಧಿರ’ದ ಧಾತುವಿನಿಂದಲೇ ಬಂದ ‘ರೋಹಿತ’ ಶಬ್ದವು ಸಂಸ್ಕೃತದಲ್ಲಿ ಕೆಂಪು ಬಣ್ಣಕ್ಕೂ ಒಂದು ಮೀನಿಗೂ ಹೆಸರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ವರದಿ ಬರೆದ ಫ್ರಾನ್ಸಿಸ್ ಬುಕಾನನನೇ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಆ ಮೀನಿಗೆ ‘ರೋಹಿತ’ವನ್ನೇ ವೈಜ್ಞಾನಿಕ ಜಾತಿನಾಮವನ್ನಾಗಿ ಉಳಿಸಿದನು.

ಆಲ್ದೂರಿನವರಿಗೆ ಈ ಧಾತುವು ಇನ್ನೊಂದು ವೇಷದಲ್ಲಿ ನಿತ್ಯವೂ ಕಾಣುತ್ತಿರುತ್ತದೆ. ಕಾಫಿ ಗಿಡಕ್ಕೆ ನೆರಳಾಗಿಯೂ ಮೆಣಸಿನ ಬಳ್ಳಿಗೆ ಆಸರೆಯಾಗಿಯೂ ಬೆಳೆಸುವ ಹಾಲುವಾಣದ ಮರವು ಸಸ್ಯಶಾಸ್ತ್ರದಲ್ಲಿ ‘ಎರಿಥ್ರಿನ’ ಕುಲಕ್ಕೆ ಸೇರಿದುದು. ಸಂಸ್ಕೃತ ಕೋಶಗಳ ‘ಪಾರಿಭದ್ರ’ವೂ ಈ ಕುಲದ್ದೇ. ಅದರ ಹೂವಿನ ಕೆಂಪನ್ನು ನೋಡಿ ಇಟ್ಟ ಹೆಸರು ಅದು. 1753ರ ಲಿನೇಯಸನ ಸಸ್ಯಗ್ರಂಥದಲ್ಲಿ ಕಾಣುತ್ತದೆ. ಮರವು ಎಲೆಯುದುರಿಸಿ ಕೆಂಪು ಹೂವನ್ನು ತಳೆಯುವುದು ಬೇಸಗೆಯ ಮೊದಲಿನಲ್ಲಿ, ವಲಸೆ ಹಕ್ಕಿಗಳು ಇನ್ನೂ ಹಿಂದಿರುಗದ ದಿನಗಳಲ್ಲಿ. ಒಂದೇ ಹೆಸರಿನ ಮರವೂ ಹಕ್ಕಿಯೂ ಹೀಗೆ ಒಂದೇ ತೋಟದಲ್ಲಿ ಸಂಧಿಸುವುವು. ಆದರೆ ಪಲ್ಲಾಸನು ಹೆಸರಿಟ್ಟುದು ವೋಲ್ಗಾ ತೀರದಲ್ಲಿ. ಹೆಸರುಗಳ ಈ ಸಂಬಂಧವು ಶಬ್ದಮೂಲದಿಂದ ಬಂದುದೇ ಹೊರತು ಹಕ್ಕಿಗೂ ಮರಕ್ಕೂ ಇರುವ ಸಂಬಂಧದಿಂದ ಬಂದುದಲ್ಲ.

ಇನ್ನು ‘ಕಾರ್ಪೊಡಾಕಸ್’. ಇದನ್ನು ರಚಿಸಿದವನು ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಯೋಹಾನ್ ಯಾಕೋಬ್ ಕೌಪ್ (1803–1873). ಯೂರೋಪಿನ ಪ್ರಾಣಿಗಳ ವರ್ಗೀಕರಣವನ್ನು ಕುರಿತು 1829ರಲ್ಲಿ ಅವನು ಹೊರತಂದ ಗ್ರಂಥದಲ್ಲಿ ಈ ಕುಲನಾಮವು ಮೊದಲು ಕಾಣಿಸಿಕೊಂಡಿತು. ಗ್ರೀಕಿನ ‘ಕರ್ಪೊಸ್’ ಎಂದರೆ ಫಲ. ‘ದಾಕೊಸ್’ ಎಂದರೆ ಕಚ್ಚುವ ಪ್ರಾಣಿ, ‘ದಾಕ್ನೊ’ ಎಂದರೆ ಕಚ್ಚುತ್ತೇನೆ. ಇಲ್ಲಿಯೂ ಸಂಸ್ಕೃತದ ನಂಟು ಸ್ಪಷ್ಟವಾಗಿದೆ. ಗ್ರೀಕಿನ ಕಕಾರಕ್ಕೆ ಸಂಸ್ಕೃತದ ಶಕಾರವು ಪ್ರತಿಯಾಗುವುದನ್ನು ‘ದೇಕ’, ‘ದಶ’ ಎಂಬ ಸಂಖ್ಯಾವಾಚಕಗಳಲ್ಲಿ ಕಾಣುತ್ತೇವೆ; ಅದೇ ನಿಯಮದಿಂದ ‘ದಾಕ್ನೊ’ ಎಂಬುದು ‘ದಂಶ’, ‘ದಂಷ್ಟ್ರ’ ಶಬ್ದಗಳ ಬಳಗಕ್ಕೆ ಸೇರುತ್ತದೆ. ‘ಕರ್ಪೊಸ್’ ಶಬ್ದವು ಕೊಯ್ಯುವುದು ಎಂಬರ್ಥದ ಮೂಲದಿಂದ ಬಂದುದು; ಕತ್ತಿ ಎಂಬರ್ಥದ ‘ಕೃಪಾಣ’ವನ್ನು ಭಾಷಾಶಾಸ್ತ್ರಜ್ಞರು ಅದೇ ಮೂಲಕ್ಕೆ ಸೇರಿಸುತ್ತಾರೆ. ಕೊಯ್ದುದು ಫಲವಾಯಿತು, ಕೊಯ್ಯುವುದು ಕೃಪಾಣವಾಯಿತು.

ಆದರೆ ಗಮನಿಸತಕ್ಕ ಸಂಗತಿಯೊಂದುಂಟು. ಕೌಪನ ಕುಲನಾಮಕ್ಕೆ ಆಧಾರವಾದುದು ನಮ್ಮ ಹಕ್ಕಿಯಲ್ಲ; ಸೈಬೀರಿಯದ ‘ರೋಸಿಯಸ್’ ಎಂಬ ಇನ್ನೊಂದು ಜಾತಿ. ನಮ್ಮ ಹಕ್ಕಿಯು ಅದರ ಬಂಧುವೆಂಬ ಕಾರಣದಿಂದ ಆ ಕುಲದಲ್ಲಿ ಸೇರಿಕೊಂಡಿತು. ಪೂರ್ವಪದವು ಒಂದು ಹಕ್ಕಿಯನ್ನು ಕುರಿತದ್ದು, ಉತ್ತರಪದವು ಇನ್ನೊಂದನ್ನು ಕುರಿತದ್ದು. ಇಬ್ಬರು ಬೇರೆ ಬೇರೆ ವಿದ್ವಾಂಸರು, ನಡುವೆ 59 ವರ್ಷಗಳ ಅಂತರ. ಇವೆರಡನ್ನೂ ಕೂಡಿಸಿದುದು ವರ್ಗೀಕರಣದ ಶಾಸ್ತ್ರ. ‘ಹಣ್ಣು ಕಚ್ಚುವ ಕೆಂಪಿನದು’ ಎಂಬ ವಾಕ್ಯವನ್ನು ಯಾರೂ ಉದ್ದೇಶಪಟ್ಟು ರಚಿಸಿದುದಿಲ್ಲ.

ಕೂಡಿಸುವಾಗ ವ್ಯಾಕರಣಕ್ಕೂ ಕೆಲಸ ಬಿದ್ದಿತು. ಲ್ಯಾಟಿನ್ನಿನಲ್ಲಿ, ಸಂಸ್ಕೃತದಲ್ಲಿರುವಂತೆಯೇ, ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸುತ್ತದೆ. ‘ಲಾಕ್ಸಿಯ’ ಸ್ತ್ರೀಲಿಂಗ, ಆದುದರಿಂದ ಪಲ್ಲಾಸನು ‘ಎರಿಥ್ರಿನ’ ಎಂದನು. ‘ಕಾರ್ಪೊಡಾಕಸ್’ ಪುಲ್ಲಿಂಗ, ಆದುದರಿಂದ ಜಾತಿನಾಮವು ‘ಎರಿಥ್ರಿನಸ್’ ಎಂದು ರೂಪಾಂತರ ಹೊಂದಿತು. ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಯು ಇಂದಿಗೂ ಈ ನಿಯಮವನ್ನು ಪಾಲಿಸುತ್ತದೆ. ಕಥೆಯು ಇಲ್ಲಿಗೇ ಮುಗಿಯಲಿಲ್ಲ. 2012ರಲ್ಲಿ ಜುಕ್ಕೊನ್ ಮೊದಲಾದವರು ಈ ಬಳಗದ ಹಕ್ಕಿಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿ, ನಮ್ಮ ಹಕ್ಕಿಯನ್ನು ಪ್ರತ್ಯೇಕಿಸಿ ‘ಎರಿಥ್ರಿನ’ ಎಂಬ ಕುಲದಲ್ಲಿ ಒಂಟಿಯಾಗಿ ಇರಿಸಬೇಕೆಂದು ಸೂಚಿಸಿದರು. ಬ್ರಿಟಿಷ್ ಪಕ್ಷಿವಿಜ್ಞಾನಿಗಳ ಒಕ್ಕೂಟವು ಆಗ ಅದನ್ನು ಸ್ವೀಕರಿಸಿತು. ಅಂತರರಾಷ್ಟ್ರೀಯ ಪಕ್ಷಿವಿಜ್ಞಾನ ಸಮಿತಿಯ ಪಟ್ಟಿಯು ‘ಕಾರ್ಪೊಡಾಕಸ್’ ಹೆಸರನ್ನೇ ಉಳಿಸಿಕೊಂಡಿತು. ಸ್ವೀಕರಿಸಿದವರ ಬರಹದಲ್ಲಿ ಹಕ್ಕಿಯು ‘ಎರಿಥ್ರಿನ ಎರಿಥ್ರಿನ’ ಆಯಿತು: ಕುಲವೂ ಕೆಂಪು, ಜಾತಿಯೂ ಕೆಂಪು, ಲಿಂಗವು ಮತ್ತೆ ಸ್ತ್ರೀಲಿಂಗ. ಹಾಲುವಾಣದ ಕುಲನಾಮವೂ ಹಕ್ಕಿಯ ಕುಲನಾಮವೂ ಅಕ್ಷರಶಃ ಒಂದಾಗುವುದಕ್ಕೆ ಅಡ್ಡಿಯಿಲ್ಲ. ಸಸ್ಯಗಳ ಸಂಹಿತೆಯೂ ಪ್ರಾಣಿಗಳ ಸಂಹಿತೆಯೂ ಒಂದರಿಂದೊಂದು ಸ್ವತಂತ್ರವಾದುವು.

ಹೆಸರಿನ ಚರಿತ್ರೆಯು ಇಂತಿರಲು, ಅದರ ಅರ್ಥವು ಹಕ್ಕಿಗೆ ಒಪ್ಪುವುದೋ ಎಂಬುದನ್ನು ಮಲೆನಾಡಿನಲ್ಲಿ ನಿಂತು ನೋಡಬೇಕು. ಬೆಳೆದ ಗಂಡಿನ ತಲೆ, ಗಂಟಲು, ಎದೆ, ಬೆನ್ನಿನ ಕೆಳಭಾಗಗಳು ಕೆಂಪು. ಹೆಣ್ಣು ಕಂದುಬಣ್ಣದ್ದು; ಎದೆಯ ಮೇಲೆ ಗೆರೆಗಳುಂಟು. ಗಂಡುಮರಿಗಳು ಮೊದಲ ವರ್ಷವೆಲ್ಲ ಹೆಣ್ಣಿನಂತೆಯೇ ಕಂದಾಗಿರುತ್ತವೆ. ಮರುವಸಂತದಲ್ಲಿ ಉತ್ತರಕ್ಕೆ ಹೋದಾಗಲೂ ಅದೇ ಗರಿಯಲ್ಲಿ ಹಾಡುತ್ತವೆ. ಆದುದರಿಂದ ಚಳಿಗಾಲದ ಗುಂಪಿನಲ್ಲಿ ಕೆಂಪು ಹಕ್ಕಿಗಿಂತ ಕಂದು ಹಕ್ಕಿಯೇ ಹೆಚ್ಚು. ಹೆಸರನ್ನು ಓದಿ ಹಕ್ಕಿಯನ್ನು ಹುಡುಕಹೊರಟವನು ಕಂದುಹಕ್ಕಿಗಳನ್ನು ಬೇರೊಂದು ಜಾತಿಯೆಂದು ಬಗೆದು ಬಿಟ್ಟುಬಿಡುವ ಸಂಭವವುಂಟು. ‘ಎರಿಥ್ರಿನಸ್’ ಎಂಬುದು ಜಾತಿಯ ಒಂದು ಭಾಗಕ್ಕೆ ಮಾತ್ರ ಅನ್ವರ್ಥ.

ಇಷ್ಟರಿಂದಲೇ ಹೆಸರು ನಿರರ್ಥಕವೆಂದು ತೀರ್ಮಾನಿಸುವುದು ಸರಿಯಲ್ಲ. ಪಲ್ಲಾಸನಿಗಾಗಲಿ ಕೌಪನಿಗಾಗಲಿ ತಿಳಿಯದಿದ್ದ ಎರಡು ಸಂಗತಿಗಳನ್ನು ಈಚಿನ ಪಕ್ಷಿವಿಜ್ಞಾನವು ಬೆಳಕಿಗೆ ತಂದಿದೆ. ಮೊದಲನೆಯದು ಬಣ್ಣದ ಮೂಲ. ಫಿಂಚ್ ಹಕ್ಕಿಗಳ ಕೆಂಪು, ಹಳದಿ ವರ್ಣಗಳಿಗೆ ಕಾರಣವಾದ ಕೆರೊಟಿನಾಯ್ಡ್ ದ್ರವ್ಯಗಳನ್ನು ಹಕ್ಕಿಯ ದೇಹವು ತಾನಾಗಿ ಉತ್ಪಾದಿಸಲಾರದು; ಅವು ಬೀಜ, ಹಣ್ಣು, ಮೊಗ್ಗುಗಳ ಮೂಲಕ ಒಳಸೇರಿ, ದೇಹದಲ್ಲಿ ಮಾರ್ಪಟ್ಟು, ಬೆಳೆಯುತ್ತಿರುವ ಗರಿಗೆ ಇಳಿಯುತ್ತವೆ. ಪಂಜರದಲ್ಲಿ ಸಾಕಿದ ಇಂಥ ಹಕ್ಕಿಗಳು ತಕ್ಕ ಆಹಾರವಿಲ್ಲದೆ ಗರಿ ಬದಲಿಸಿದಾಗ ಕೆಂಪು ಕಳೆದುಕೊಳ್ಳುವುದು ಇದರಿಂದಲೇ. ‘ಕರ್ಪೊಸ್’ ಇಲ್ಲದೆ ‘ಎರುಥ್ರೊಸ್’ ಇಲ್ಲ. ಇಬ್ಬರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹಕ್ಕಿಗೆ ಇಟ್ಟ ಎರಡು ಪದಗಳಿಗೆ ಕಾರ್ಯಕಾರಣ ಸಂಬಂಧವಿರುವುದು ಹೀಗೆ ತಿಳಿದುಬಂದಿತು.

ಎರಡನೆಯದು ಗರಿ ಬದಲಿಸುವ ಸ್ಥಳ. ಅನೇಕ ಹಕ್ಕಿಗಳು ಮರಿಮಾಡಿದ ನೆಲೆಯಲ್ಲಿಯೇ ಹಳೆಯ ಗರಿಯನ್ನು ಉದುರಿಸಿ ಹೊಸದನ್ನು ತಳೆದು ವಲಸೆ ಹೊರಡುತ್ತವೆ. ಉತ್ತರದ ಬಯಲುಗಳಲ್ಲಿ ಮರಿಮಾಡುವ ಈ ಹಕ್ಕಿಯಾದರೋ ಹಳೆಯ ಗರಿಯಲ್ಲಿಯೇ ದಕ್ಷಿಣಕ್ಕೆ ಬಂದು, ಚಳಿಗಾಲದ ನೆಲೆಯನ್ನು ಸೇರಿದ ಮೇಲೆ ಗರಿ ಬದಲಿಸುತ್ತದೆ. ಹೊಸ ಗರಿಯ ಅಂಚು ಮಾಸಲು. ತಿಂಗಳುಗಳು ಕಳೆದಂತೆ ಅಂಚು ಸವೆದು ಒಳಗಿನ ಕೆಂಪು ಹೊರಗೆ ಬರುತ್ತದೆ. ವಸಂತದಲ್ಲಿ ವೋಲ್ಗಾ ತೀರದಲ್ಲಿ ಕಣ್ಣು ಸೆಳೆಯುವ ಕೆಂಪು ಅಲ್ಲಿ ಹುಟ್ಟಿದುದಲ್ಲ. ಹಿಂದಿನ ಚಳಿಗಾಲದಲ್ಲಿ ದಕ್ಷಿಣದ ಕಾಡು ತೋಪುಗಳ ಆಹಾರದಿಂದ ಮೂಡಿದುದು. ಪಲ್ಲಾಸನು ರಷ್ಯದ ಹಕ್ಕಿಯ ಗುಣವೆಂದು ತಿಳಿದು ಹೆಸರಿನಲ್ಲಿ ಹಿಡಿದಿಟ್ಟ ವರ್ಣವು ಚಳಿನಾಡಿನ ಆಚೆಯಿಂದ ತಂದ ವರ್ಣ. ಹೆಸರು ಹುಟ್ಟಿದುದು ಉತ್ತರದಲ್ಲಿ, ಹೆಸರಿನ ಅರ್ಥವು ಹುಟ್ಟಿದುದು ದಕ್ಷಿಣದಲ್ಲಿ.

ಚಳಿಗಾಲದ ನೆಲೆಯ ಜನರು ಈ ಹಕ್ಕಿಗೆ ಏನೆಂದು ಹೆಸರಿಟ್ಟರು? ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನನು (1811–1872) ತನ್ನ ‘ಭಾರತದ ಪಕ್ಷಿಗಳು’ (1862–64) ಎಂಬ ಗ್ರಂಥದಲ್ಲಿ ಲ್ಯಾಟಿನ್ ಹೆಸರಿನ ಕೆಳಗೆ ದೇಶಭಾಷೆಗಳ ಹೆಸರುಗಳನ್ನೂ ಬರೆದಿಟ್ಟಿದ್ದಾನೆ. ಹಿಂದಿಯಲ್ಲಿ ಇದು ‘ತೂತಿ’. ಪಾರಸಿಯಲ್ಲಿ ಈ ಶಬ್ದಕ್ಕೆ ಗಿಳಿ ಎಂದರ್ಥ. ಉತ್ತರ ಭಾರತದಲ್ಲಿ ಹಾಡಿಗಾಗಿ ಪಂಜರದಲ್ಲಿ ಸಾಕುವ ಸಣ್ಣ ಹಕ್ಕಿಗೂ ಅದು ಸಂದಿತು. ತೆಲುಗಿನ ಹೆಸರು ಇದಕ್ಕಿಂತ ಬೆಲೆಯುಳ್ಳದ್ದು. ಜೆರ್ಡನನು ‘ಯೆದ್ರು ಪಿಚ್ಚಿಕೆ’ ಎಂದು ಬರೆದುಕೊಂಡು ‘ಬಿದಿರಿನ ಗುಬ್ಬಿ’ ಎಂದು ಅರ್ಥ ಕೊಟ್ಟಿದ್ದಾನೆ. ದಕ್ಷಿಣದಲ್ಲಿ ಈ ಹಕ್ಕಿಯನ್ನು ತಾನು ಬಹುಮಟ್ಟಿಗೆ ಬಿದಿರು ಮೆಳೆಗಳಲ್ಲಿಯೇ, ಬಿದಿರಿನ ಬೀಜವನ್ನು ತಿನ್ನುತ್ತಿರುವಾಗ ಕಂಡುದಾಗಿಯೂ ತಿಳಿಸಿದ್ದಾನೆ. ತೆಲುಗಿನ ‘ವೆದುರು’, ಕನ್ನಡದ ‘ಬಿದಿರು’ ಒಂದೇ ದ್ರಾವಿಡ ಮೂಲದ ಶಬ್ದಗಳು. ಈ ಹೆಸರಿನಲ್ಲಿ ಬಣ್ಣದ ಮಾತಿಲ್ಲ. ಗಂಡಿಗೂ ಹೆಣ್ಣಿಗೂ ಮರಿಗೂ ಸಮನಾಗಿ ಸಲ್ಲುತ್ತದೆ. ಹಕ್ಕಿ ಎಲ್ಲಿರುವುದು, ಏನು ತಿನ್ನುವುದು ಎಂಬುದನ್ನು ಒಂದೇ ಮಾತಿನಲ್ಲಿ ಹೇಳುತ್ತದೆ. ಹೆಬ್ಬಿದಿರು ಹೂತು ಬೀಜ ಕಟ್ಟುವುದು ಹಲವು ದಶಕಗಳಿಗೊಮ್ಮೆ. ಹಾಗೆ ಬಿದಿರಕ್ಕಿ ಉದುರಿದ ವರ್ಷಗಳನ್ನು ನೆನಪಿಟ್ಟ ಜನರೇ ಇಂಥ ಹೆಸರನ್ನು ಕೊಡಬಲ್ಲರು.

ಈ ಎರಡು ಬಗೆಯ ಹೆಸರುಗಳಿಗೆ ಇರುವ ಅಂತರವು ಈಗ ಸ್ಪಷ್ಟವಾಗುತ್ತದೆ. ಲ್ಯಾಟಿನ್ ಹೆಸರು ಅನ್ವರ್ಥವಾಗಿ ಹುಟ್ಟಿ ಅಂಕಿತವಾಗಿ ಬಾಳುತ್ತದೆ. ಒಮ್ಮೆ ಕ್ರಮವಾಗಿ ಪ್ರಕಟವಾದ ಜಾತಿನಾಮವನ್ನು ಅದು ಹಕ್ಕಿಗೆ ಒಪ್ಪುವುದಿಲ್ಲವೆಂಬ ಕಾರಣಕ್ಕೆ ಬದಲಿಸಲು ಸಂಹಿತೆಯು ಅವಕಾಶ ಕೊಡುವುದಿಲ್ಲ. ಅದರ ಪ್ರಯೋಜನವು ವರ್ಣನೆಯಲ್ಲ. ಎಲ್ಲ ದೇಶದ ವಿದ್ವಾಂಸರೂ ಒಂದೇ ಹಕ್ಕಿಯನ್ನು ಕುರಿತು ಮಾತನಾಡುತ್ತಿದ್ದಾರೆಂಬ ಭರವಸೆ. ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಾಲಿಂ ಅಲಿಯವರು 1939–40ರಲ್ಲಿ ಸಮೀಕ್ಷಿಸಿ 1942–43ರಲ್ಲಿ ಪ್ರಕಟಿಸಿದ ವರದಿಯನ್ನು ರಷ್ಯದ ಪಂಡಿತನೂ ತಡೆಯಿಲ್ಲದೆ ಬಳಸಬಲ್ಲನಾದರೆ ಅದು ಈ ಅಂಕಿತನಾಮಗಳ ಬಲದಿಂದ. ದೇಶನಾಮವಾದರೋ ಅನ್ವರ್ಥವಾಗಿಯೇ ಬಾಳಬೇಕು. ಅದನ್ನು ನುಡಿಯುವವರ ಅನುಭವಕ್ಕೆ ದೂರವಾದರೆ ಅದು ನಿಲ್ಲುವುದಿಲ್ಲ.

ಆದಕಾರಣ ಲ್ಯಾಟಿನ್ ಹೆಸರಿನ ಪದಶಃ ಭಾಷಾಂತರದಿಂದ ಕನ್ನಡ ಹೆಸರನ್ನು ಕಟ್ಟುವುದು ಎರಡೂ ಬಗೆಯ ಲಾಭವನ್ನು ಕಳೆದುಕೊಳ್ಳುವ ಮಾರ್ಗ. ‘ರಕ್ತವರ್ಣ ಫಲದಂಶಿ’ ಎಂದು ಸಂಸ್ಕೃತದಲ್ಲಿ ಸಮಾಸ ಮಾಡಿದರೆ ವ್ಯಾಕರಣಕ್ಕೆ ಕುಂದಿಲ್ಲ, ಧಾತುಗಳೂ ಹೊಂದುತ್ತವೆ. ಆದರೆ ಅದು ಅಂತರರಾಷ್ಟ್ರೀಯ ಗುರುತೂ ಆಗದು, ಆಲ್ದೂರಿನ ತೋಟದಲ್ಲಿ ಮುಂದೆ ಕುಳಿತ ಕಂದುಹಕ್ಕಿಯ ವರ್ಣನೆಯೂ ಆಗದು. ಲ್ಯಾಟಿನ್ ಹೆಸರನ್ನು ಲಿಪ್ಯಂತರಿಸಿ ಅಂಕಿತವಾಗಿ ಇದ್ದಂತೆಯೇ ಉಳಿಸಿಕೊಳ್ಳುವುದು, ಅದರ ಅರ್ಥವನ್ನು ಚರಿತ್ರೆಯೆಂದು ಬೋಧಿಸುವುದು, ಕನ್ನಡ ಹೆಸರನ್ನು ಹಕ್ಕಿಯ ಬಾಳಿನಿಂದ ತೆಗೆಯುವುದು ಯುಕ್ತವಾಗಿ ತೋರುತ್ತದೆ. ತೆಲುಗಿನ ಸೋದರನುಡಿಯು ದಾರಿ ತೋರಿಸಿರುವಾಗ ‘ಬಿದಿರುಗುಬ್ಬಿ’ ಎಂಬ ಮಾತು ಕನ್ನಡಕ್ಕೂ ಹೊರಗಿನದಾಗದು. ಪಲ್ಲಾಸನು ಕಂಡ ಕೆಂಪು ಅವನ ಹೆಸರಿನಲ್ಲಿ ಇರಲಿ. ಆ ಕೆಂಪನ್ನು ಹಕ್ಕಿಗೆ ಒದಗಿಸಿದ ಚಳಿಗಾಲದ ನೆಲವು ಕನ್ನಡದ ಹೆಸರಿನಲ್ಲಿ ಇರತಕ್ಕುದು.